'ಕ್ಷುಲ್ಲಕ' ಎಂಬ ಮಾತು ಕ್ಷುಲ್ಲಕವೆ?

ಕನ್ನಡ ವೃತ್ತಪತ್ರಿಕೆ ಓದುವ ಅಭ್ಯಾಸವಿದ್ದವರಿಗೆ 'ಕ್ಷುಲ್ಲಕ ಕಾರಣ' ಎಂಬ ಜೋಡಿಮಾತನ್ನು ಹೊಸದಾಗಿ ಪರಿಚಯ ಮಾಡಿಕೊಡಬೇಕಾದ್ದಿಲ್ಲ. ಎಲ್ಲೋ ಎರಡು ಮನೆಯವರ ನಡುವೆ ಜಗಳವಾಗುತ್ತದೆ, ಒಬ್ಬನ ತಲೆ ಒಡೆಯುತ್ತದೆ. ಮಾರನೆಯ ದಿನ 'ಕ್ಷುಲ್ಲಕ ಕಾರಣಕ್ಕೆ ಹೊಡೆದಾಟ' ಎಂದು ಸುದ್ದಿ. ಆ ಕಾರಣ ಏನಪ್ಪಾ ಎಂದು ಒಳಗೆ ಓದಿದರೆ ನಲ್ಲಿಯ ಸರದಿ, ಗೋಡೆಯ ಮೇಲೆ ಒಣಹಾಕಿದ ಬಟ್ಟೆ, ತಿರುಗಿ ಬಾರದ ನೂರು ರೂಪಾಯಿ ಸಾಲ. ಮರಾಠಿ ಪತ್ರಿಕೆ ತೆಗೆದರೂ ಅದೇ ಕಥೆ, ಅದೇ ಮಾತು: 'ಕ್ಷುಲ್ಲಕ್ ಕಾರಣಾವರೂನ್'. ಮನೆಯೊಳಗೆ ಕನ್ನಡ, ಮೆಟ್ಟಿಲಿಳಿದರೆ ಮರಾಠಿ, ರೈಲು ಹತ್ತಿದರೆ ಹಿಂದಿ ಎಂದು ಬದುಕುವ ತುರ್ಭೆಯ ಕನ್ನಡಿಗರಾದ ನಮಗೆ ಈ ಶಬ್ದ ಎರಡು ಭಾಷೆಗಳಲ್ಲಿ ಒಂದೇ ಮುಖ ಹೊತ್ತು ಎದುರಾಗುತ್ತದೆ. ಹೀಗೆ ದಿನಾ ಎದುರಿಗೆ ಬರುವವರನ್ನು 'ನೀವು ಯಾರು, ಎಲ್ಲಿಯವರು' ಎಂದು ನಾವು ಕೇಳುವುದೇ ಇಲ್ಲ. ಈ ಲೇಖನದಲ್ಲಿ ಅದೊಂದನ್ನು ಕೇಳಿನೋಡೋಣ.

ಮೊದಲು ಅರ್ಥ. ಕ್ಷುಲ್ಲಕ ಎಂದರೆ ಸಣ್ಣದು, ಗಣನೆಗೆ ಬಾರದ್ದು, ತಲೆಕೆಡಿಸಿಕೊಳ್ಳಲು ತಕ್ಕುದಲ್ಲದ್ದು. ಆದರೆ ಇಷ್ಟು ಹೇಳಿದರೆ ಸಾಲದು. ಇದೇ ಓಣಿಯಲ್ಲಿ ಇನ್ನೂ ಕೆಲವು ಮಾತುಗಳು ವಾಸವಾಗಿವೆ: ಅಲ್ಪ, ನಗಣ್ಯ, ಕ್ಷುದ್ರ, ಯಃಕಶ್ಚಿತ್, ಕೇವಲ, ಚಿಲ್ಲರೆ. ಒಂದರ ಬದಲು ಇನ್ನೊಂದನ್ನು ಇಟ್ಟು ನೋಡಿದರೆ ಇವುಗಳ ಸ್ವಭಾವ ತಿಳಿಯುತ್ತದೆ. 'ಇದು ನನ್ನ ಅಲ್ಪ ಕಾಣಿಕೆ' ಎಂದು ವಿನಯದಿಂದ ಹೇಳಬಹುದು. 'ಇದು ನನ್ನ ಕ್ಷುಲ್ಲಕ ಕಾಣಿಕೆ' ಎಂದರೆ ಕೇಳಿದವರು ನಗುತ್ತಾರೆ. 'ನಷ್ಟ ನಗಣ್ಯ' ಎಂದರೆ ಲೆಕ್ಕಕ್ಕೆ ಹಿಡಿಯುವಷ್ಟಿಲ್ಲ ಎಂದರ್ಥ, ಅದು ಲೆಕ್ಕಿಗನ ಮಾತು. 'ಕ್ಷುದ್ರ' ಎಂದೊಡನೆ ಸಣ್ಣತನದ ಜೊತೆಗೆ ಕೆಟ್ಟತನವೂ ಬಂದು ಕೂರುತ್ತದೆ: ಕ್ಷುದ್ರ ಬುದ್ಧಿ, ಕ್ಷುದ್ರ ಶಕ್ತಿ. ಕ್ಷುಲ್ಲಕದಲ್ಲಿ ಕೆಟ್ಟತನವಿಲ್ಲ, ಬರೀ ತೂಕವಿಲ್ಲ ಅಷ್ಟೆ. ಮತ್ತು ತೂಕವಿಲ್ಲ ಎಂದು ಹೇಳುವವನು ಯಾವಾಗಲೂ ತಕ್ಕಡಿ ಹಿಡಿದವನೇ ಹೊರತು ತಕ್ಕಡಿಯಲ್ಲಿ ಕೂತವನಲ್ಲ. ಈ ಸಂಗತಿಯನ್ನು ಸ್ವಲ್ಪ ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈಗ ಹುಟ್ಟು. ಸಂಸ್ಕೃತದಲ್ಲಿ 'ಕ್ಷುದ್' ಎಂಬ ಧಾತುವಿದೆ. ಅದರ ಅರ್ಥ ಕುಟ್ಟು, ಅರೆ, ಜಜ್ಜು. ಕುಟ್ಟಿ ಮಾಡಿದ ಪುಡಿ 'ಕ್ಷೋದ'. ಹಾಗೆ ಕುಟ್ಟಿ ಸಣ್ಣಗಾದದ್ದು 'ಕ್ಷುದ್ರ'. ತುರ್ಭೆಯ ಗುಡ್ಡದ ಮಗ್ಗುಲಿನ ಕ್ವಾರಿಗಳಲ್ಲಿ ಬಂಡೆ ಒಡೆದು ಜಲ್ಲಿ, ಜಲ್ಲಿ ಒಡೆದು ಪುಡಿ ಮಾಡಿದ ಕೆಲಸವನ್ನು ಬಲ್ಲವರಿಗೆ ಇದಕ್ಕಿಂತ ಬೇರೆ ವಿವರಣೆ ಬೇಕಿಲ್ಲ. ಕನ್ನಡವೂ ಇದೇ ದಾರಿಯಲ್ಲಿ ಯೋಚಿಸಿದೆ ಎಂಬುದು ಗಮನಿಸತಕ್ಕ ವಿಚಾರ. ನಾವು 'ಪುಡಿಗಾಸು' ಎನ್ನುತ್ತೇವೆ, 'ಪುಡಿ ರೌಡಿ' ಎನ್ನುತ್ತೇವೆ. ಅಲ್ಲಿ ಯಾರೂ ಏನನ್ನೂ ಕುಟ್ಟಿ ಪುಡಿ ಮಾಡಿಲ್ಲ. ಸಣ್ಣದು, ಎಣಿಕೆಗಿಲ್ಲದ್ದು ಎಂಬುದಷ್ಟೆ ತಾತ್ಪರ್ಯ. ಎರಡು ಬೇರೆ ಬೇರೆ ಭಾಷಾಕುಟುಂಬಗಳು ಒಂದೇ ಒರಳಿನ ಮುಂದೆ ಕೂತು ಒಂದೇ ಉಪಮೆಯನ್ನು ಕಂಡುಕೊಂಡಿವೆ.

ಕ್ಷುದ್ರ ಶಬ್ದಕ್ಕೆ ಮೊದಮೊದಲು ಇಷ್ಟೊಂದು ಕೆಟ್ಟ ಹೆಸರಿರಲಿಲ್ಲ. ಸಂಸ್ಕೃತದಲ್ಲಿ 'ಕ್ಷುದ್ರಾ' ಎಂದರೆ ಒಂದು ಜಾತಿಯ ಸಣ್ಣ ಜೇನುನೊಣವೂ ಹೌದು. ಅದು ಕೂಡಿಟ್ಟ ಜೇನು 'ಕ್ಷೌದ್ರ'. ಆಯುರ್ವೇದದವರು ಜೇನಿನ ಬಗೆಗಳನ್ನು ಎಣಿಸುವಾಗ ಇದನ್ನೂ ಹೇಳುತ್ತಾರೆ. ಆಕಾಶಕ್ಕೆ ಹೋದರೆ, ಸೂರ್ಯನ ಸುತ್ತ ತಿರುಗುವ ಸಣ್ಣ ಕಲ್ಲುಗುಂಡುಗಳಿಗೆ ನಮ್ಮ ವಿಜ್ಞಾನ ಲೇಖಕರು 'ಕ್ಷುದ್ರಗ್ರಹ' ಎಂದು ಹೆಸರಿಟ್ಟಿದ್ದಾರೆ. ಇವುಗಳಲ್ಲಿ ಮೊದಲು ಕಂಡದ್ದು ಸೀರಿಸ್, 1801ರಲ್ಲಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹತ್ತು ಕಿಲೋಮೀಟರಿನಷ್ಟು ಅಗಲದ ಇಂಥದೊಂದು ಕ್ಷುದ್ರಗ್ರಹ ಭೂಮಿಗೆ ಬಂದು ಬಡಿದದ್ದು ಡೈನೊಸಾರುಗಳ ಅಳಿವಿಗೆ ಕಾರಣವಾಯಿತೆಂದು ವಿಜ್ಞಾನಿಗಳು ಹೇಳುತ್ತಾರೆ. ಅಷ್ಟು ದೂರ ಏಕೆ, ಇದೇ ಮಹಾರಾಷ್ಟ್ರದ ಬುಲ್ಡಾಣಾ ಜಿಲ್ಲೆಯ ಲೋಣಾರ್ ಸರೋವರ ಆಕಾಶದಿಂದ ಬಿದ್ದ ಕಲ್ಲು ಕೊರೆದ ಗುಂಡಿ. ಅದರ ಅಡ್ಡಗಲ ಸುಮಾರು 1.8 ಕಿಲೋಮೀಟರು. ಕ್ಷುದ್ರ ಎಂಬ ಹೆಸರಿಟ್ಟ ಮಾತ್ರಕ್ಕೆ ವಸ್ತು ಸುಮ್ಮನೆ ಕೂರುವುದಿಲ್ಲ.

ಹಾಗಾದರೆ 'ಕ್ಷುದ್ರ' ಹೋಗಿ 'ಕ್ಷುಲ್ಲ' ಆದದ್ದು ಹೇಗೆ? ಇಲ್ಲಿ ಒಂದು ಸ್ವಾರಸ್ಯವಿದೆ. ಕ್ಷುಲ್ಲಕ ಎಂಬುದನ್ನು ನಾವೆಲ್ಲ ಘನವಾದ ಸಂಸ್ಕೃತ ಶಬ್ದವೆಂದು ತಿಳಿದಿದ್ದೇವೆ. ಕಾಗುಣಿತ ಬರೆಯುವಾಗ ಬೆವರುತ್ತೇವೆ, ಕೆಲವರು 'ಶುಲ್ಲಕ' ಎಂದು ಬರೆದು ಅದನ್ನು ಪರೀಕ್ಷಾ ಶುಲ್ಕದ ಸಮೀಪಕ್ಕೆ ಒಯ್ಯುವುದೂ ಉಂಟು. ಆದರೆ ಈ ಶಬ್ದದ ನಡುವಿನ 'ಲ್ಲ' ಸಂಸ್ಕೃತದ ಪಂಡಿತರದ್ದಲ್ಲ, ಆಡುಮಾತಿನ ಜನರದ್ದು. ಪ್ರಾಕೃತಗಳಲ್ಲಿ 'ದ್ರ' ಎಂಬ ಒತ್ತಕ್ಷರ ಕೆಲವು ಶಬ್ದಗಳಲ್ಲಿ 'ದ್ದ' ಆಯಿತು, ಕೆಲವದರಲ್ಲಿ 'ಲ್ಲ' ಆಯಿತು. 'ಭದ್ರ' ಎಂಬುದು 'ಭಲ್ಲ' ಆಗಿ, ಅದರಿಂದ ಹಿಂದಿ ಮರಾಠಿಗಳ 'ಭಲಾ' ಬಂತು. 'ಆರ್ದ್ರಕ' ಎಂದರೆ ಹಸಿಶುಂಠಿ. ಅದು ಪ್ರಾಕೃತದಲ್ಲಿ 'ಅಲ್ಲಯ' ಆಗಿ ಮರಾಠಿಯಲ್ಲಿ 'ಆಲೆ' ಆಯಿತು. ಉತ್ತರ ಕರ್ನಾಟಕದವರು ಚಹಾಕ್ಕೆ ಹಾಕುವ 'ಅಲ್ಲ'ವೂ ಇದೇ ವಂಶದ್ದು. ತುರ್ಭೆಯ ಸಗಟು ಮಾರುಕಟ್ಟೆಯಲ್ಲಿ ಆಲೆ ಮಾರುವವನೂ ಅಲ್ಲ ಕೇಳುವವನೂ ತಮಗೆ ಗೊತ್ತಿಲ್ಲದೆಯೇ ಪ್ರಾಕೃತ ವ್ಯಾಕರಣದ ಒಂದು ಸೂತ್ರವನ್ನು ಉದಾಹರಿಸುತ್ತಿರುತ್ತಾರೆ. ಅದೇ ನಿಯಮದ ಪ್ರಕಾರ 'ಕ್ಷುದ್ರ' ಹೋಗಿ 'ಕ್ಷುಲ್ಲ' ಆಯಿತು. ಅದಕ್ಕೆ 'ಕ' ಪ್ರತ್ಯಯ ಸೇರಿ 'ಕ್ಷುಲ್ಲಕ'. ಆಡುಮಾತು ತಿರುಗಿ ಗ್ರಂಥಭಾಷೆಯೊಳಗೆ ಹೋಗಿ ಪೀಠ ಹಾಕಿ ಕುಳಿತಿತು.

ಇದು ಯಾವಾಗ ಆಯಿತು? ಬಹಳ ಹಿಂದೆ. ಅಥರ್ವವೇದದಲ್ಲಿ ಹುಳುಗಳನ್ನು ನಾಶಮಾಡುವ ಒಂದು ಮಂತ್ರವಿದೆ, ಎರಡನೆಯ ಕಾಂಡದಲ್ಲಿ. ಅಲ್ಲಿ ತೀರ ಚಿಕ್ಕಚಿಕ್ಕ ಹುಳುಗಳನ್ನು ಹೇಳುವಾಗ ಈ ಕ್ಷುಲ್ಲಕ ಶಬ್ದವೇ ಬಂದಿದೆ. ಅಂದರೆ ವೇದದ ಕಾಲಕ್ಕಾಗಲೇ ಬೀದಿಯ ಉಚ್ಚಾರ ಮಂತ್ರದ ಬಾಯಿಗೆ ಬಂದಿತ್ತು. ಮಡಿ ಸಂಸ್ಕೃತ, ಮೈಲಿಗೆ ಆಡುಭಾಷೆ ಎಂದು ಗೆರೆ ಎಳೆಯುವವರು ಈ ಶಬ್ದವನ್ನು ಯಾವ ಕಡೆ ನಿಲ್ಲಿಸುತ್ತಾರೋ ನೋಡಬೇಕು.

ಇದೇ 'ಕ್ಷುಲ್ಲ'ದ ಇನ್ನೊಂದು ಸಂತಾನ ನಮ್ಮ ನೆರೆಮನೆಯಲ್ಲೇ ಇದೆ. ಸಂಸ್ಕೃತದಲ್ಲಿ 'ಕ್ಷುಲ್ಲತಾತ' ಎಂಬ ಶಬ್ದವುಂಟು: ಕ್ಷುಲ್ಲ ಎಂದರೆ ಸಣ್ಣ, ತಾತ ಎಂದರೆ ತಂದೆ, ಒಟ್ಟಿಗೆ ತಂದೆಯ ತಮ್ಮ. ಪಾಲಿಯಲ್ಲಿ ಅವನು 'ಚುಲ್ಲಪಿತಾ'. ಮರಾಠಿಯಲ್ಲಿ ಅವನೇ 'ಚುಲತಾ'. ನಮ್ಮ ಮರಾಠಿ ಗೆಳೆಯರು ದಿನಕ್ಕೆ ಹತ್ತು ಸಲ ಹೇಳುವ 'ಚುಲತ್ ಭಾವೂ', 'ಚುಲತ್ ಬಹೀಣ್' ಎಂಬ ಮಾತುಗಳಲ್ಲಿ ಕೂತಿರುವುದು ಇದೇ ಕ್ಷುಲ್ಲ. ಈಗ ನಮ್ಮ ಕನ್ನಡದ 'ಚಿಕ್ಕಪ್ಪ'ನನ್ನು ಪಕ್ಕದಲ್ಲಿ ನಿಲ್ಲಿಸಿ. ಚಿಕ್ಕ ಎಂದರೆ ಸಣ್ಣ, ಅಪ್ಪ ಎಂದರೆ ತಂದೆ. ಶಬ್ದ ಬೇರೆ, ಅಚ್ಚು ಒಂದೇ. ಆದರೆ ಚಿಕ್ಕಪ್ಪನನ್ನು ಯಾರಾದರೂ ಕ್ಷುಲ್ಲಕ ಎಂದಾರೆಯೆ? ಮನೆಯೊಳಗೆ 'ಸಣ್ಣ' ಎಂಬುದು ವಯಸ್ಸಿನ ಲೆಕ್ಕ, ಬೆಲೆಯ ಲೆಕ್ಕವಲ್ಲ. ಒಂದೇ ಶಬ್ದ ಮನೆಯೊಳಗೆ ನಂಟನಾಗಿದೆ, ಬೀದಿಯಲ್ಲಿ ಬೈಗುಳವಾಗಿದೆ.

ಇನ್ನು ಈ ಶಬ್ದದ ಅತ್ಯಂತ ಗೌರವದ ಪ್ರಯೋಗಕ್ಕೆ ಬರೋಣ. ಬೆಳಗಾವಿ, ಸಾಂಗಲಿ, ಕೊಲ್ಹಾಪುರ ಕಡೆಯ ಜೈನರ ಮನೆಗಳಲ್ಲಿ 'ಕ್ಷುಲ್ಲಕ ಮಹಾರಾಜರು ಬಂದಿದ್ದಾರೆ' ಎಂಬ ಮಾತು ಕೇಳಿಬರುತ್ತದೆ. ಆ ಪರಂಪರೆಯ ಪರಿಚಯವಿಲ್ಲದವರಿಗೆ ಇದು ಗಾಬರಿ ಹುಟ್ಟಿಸುತ್ತದೆ. ಬೈಯುತ್ತಿದ್ದಾರೋ ಹೊಗಳುತ್ತಿದ್ದಾರೋ? ವಿಷಯ ಹೀಗಿದೆ. ದಿಗಂಬರ ಜೈನ ಪರಂಪರೆಯಲ್ಲಿ ಗೃಹಸ್ಥನು ಮುನಿಯಾಗುವ ದಾರಿಯಲ್ಲಿ 11 ಮೆಟ್ಟಿಲುಗಳಿವೆ. ಅವಕ್ಕೆ ಪ್ರತಿಮೆಗಳೆಂದು ಹೆಸರು. ಹನ್ನೊಂದನೆಯದು ಉದ್ದಿಷ್ಟತ್ಯಾಗ, ಅಂದರೆ ತನಗಾಗಿಯೇ ಮಾಡಿದ ಅಡಿಗೆಯನ್ನು ಉಣ್ಣದಿರುವುದು. ಈ ಕೊನೆಯ ಮೆಟ್ಟಿಲಿನಲ್ಲಿ ಎರಡು ಹಂತ. ಕೌಪೀನದ ಜೊತೆಗೆ ಒಂದು ಹೊದೆಯುವ ಬಟ್ಟೆ ಇಟ್ಟುಕೊಂಡವನು ಕ್ಷುಲ್ಲಕ. ಹೊದಿಕೆಯನ್ನೂ ಬಿಟ್ಟು ಕೌಪೀನ ಮಾತ್ರ ಉಳಿಸಿಕೊಂಡವನು ಐಲಕ. ಅದನ್ನೂ ಬಿಟ್ಟವನು ಮುನಿ. ಹೆಂಗಸರಲ್ಲಿ ಕ್ಷುಲ್ಲಿಕೆಯರಿದ್ದಾರೆ. ಮುನಿಗಳಿಗೆ 'ನಮೋಸ್ತು' ಎಂದು ವಂದಿಸುವ ಶ್ರಾವಕರು ಕ್ಷುಲ್ಲಕ ಐಲಕರಿಗೆ 'ಇಚ್ಛಾಮಿ' ಎನ್ನುತ್ತಾರೆ. ಇಲ್ಲಿ ಕ್ಷುಲ್ಲಕ ಎಂದರೆ ಕಿರಿಯವನು. ಮುನಿಗಿಂತ ಕಿರಿಯ, ಆದರೆ ಊರಿನ ಎಲ್ಲ ಗೃಹಸ್ಥರಿಗಿಂತ ಹಿರಿಯ. ತನ್ನ ಹೆಸರಿನಲ್ಲೇ 'ನಾನು ಸಣ್ಣವನು' ಎಂದು ಬರೆದುಕೊಂಡು ತಿರುಗುವ ಪದವಿ ಇದು.

ಕೆಲವರು ಇದನ್ನು ಕೇಳಿ ಒಂದು ಊಹೆ ಮಾಡುತ್ತಾರೆ: ಜೈನರನ್ನು ಹೀಯಾಳಿಸಲೆಂದೇ ಬೇರೆಯವರು ಅವರ ಸಾಧುವಿನ ಹೆಸರನ್ನು ಬೈಗುಳ ಮಾಡಿದರು ಎಂದು. ಕೇಳಲು ಚೆನ್ನಾಗಿದೆ. ಆದರೆ ಶಬ್ದದ ವಯಸ್ಸು ಇದಕ್ಕೆ ಒಪ್ಪುವುದಿಲ್ಲ. 'ತೀರ ಸಣ್ಣದು' ಎಂಬ ಅರ್ಥ ಅಥರ್ವವೇದದಲ್ಲೇ ಇದೆ ಎಂದು ಮೇಲೆ ಕಂಡೆವು. ಮೂಲದಲ್ಲಿ ಇದ್ದದ್ದು 'ಸಣ್ಣ' ಎಂಬ ಒಂದೇ ಅರ್ಥ. ಅದರಿಂದ ಎರಡು ಕವಲು ಒಡೆದವು. 'ಕಿರಿಯ' ಎಂಬ ಕವಲು ಸಂನ್ಯಾಸದ ಕಡೆ, ಕುಟುಂಬದ ಕಡೆ ಹೋಯಿತು. 'ಬೆಲೆಯಿಲ್ಲದ' ಎಂಬ ಕವಲು ಸಂತೆಗೂ ವೃತ್ತಪತ್ರಿಕೆಗೂ ಹೋಯಿತು. ಒಂದು ಇನ್ನೊಂದರ ಮಗನಲ್ಲ, ಇಬ್ಬರೂ ಅಣ್ಣತಮ್ಮಂದಿರು. ಪಾಲಿಯಲ್ಲಿಯೂ ಹಾಗೆಯೇ. ಅಲ್ಲಿ 'ದ್ದ' ಇರುವ 'ಖುದ್ದಕ'ವೂ ಇದೆ, 'ಲ್ಲ' ಇರುವ 'ಚುಲ್ಲ'ವೂ ಇದೆ. ಬೌದ್ಧರ ವಿನಯಪಿಟಕದಲ್ಲಿ ಮಹಾವಗ್ಗದ ಜೊತೆಗೆ ಚುಲ್ಲವಗ್ಗವಿದೆ. ಸುತ್ತಪಿಟಕದ ಐದನೆಯ ಭಾಗ ಖುದ್ದಕ ನಿಕಾಯ, ಸಣ್ಣ ಗ್ರಂಥಗಳ ಸಂಗ್ರಹ. ಈ 'ಸಣ್ಣ' ಸಂಗ್ರಹದಲ್ಲಿ ಏನೇನಿದೆ ಗೊತ್ತೆ? ಧಮ್ಮಪದವಿದೆ, ಜಾತಕಗಳಿವೆ, ಭಿಕ್ಷುಣಿಯರ ಹಾಡುಗಳಾದ ಥೇರೀಗಾಥೆಯಿದೆ. ಜಗತ್ತು ಬೌದ್ಧ ಸಾಹಿತ್ಯವೆಂದು ಹೆಚ್ಚಾಗಿ ಓದುವುದು ಈ ಖುದ್ದಕವನ್ನೇ.

ಕನ್ನಡ ವಿದ್ಯಾರ್ಥಿಗಳಾದ ನಮಗೆ ಕ್ಷುಲ್ಲಕರ ಅತಿ ದೊಡ್ಡ ಕಥೆ ಪಠ್ಯದಲ್ಲೇ ಸಿಗುತ್ತದೆ. ಜನ್ನ ಕವಿ 1209ರಲ್ಲಿ ಬರೆದು ಮುಗಿಸಿದ 'ಯಶೋಧರ ಚರಿತೆ'ಯನ್ನು ನೆನೆಸಿಕೊಳ್ಳಿ. ಮಾರಿದತ್ತ ರಾಜ ಚಂಡಮಾರಿಗೆ ನರಬಲಿ ಕೊಡಲು ಸಿದ್ಧನಾಗಿದ್ದಾನೆ. ರಾಜನ ಕಡೆಯವರು ಹಿಡಿದು ತಂದದ್ದು ಅಭಯರುಚಿ, ಅಭಯಮತಿ ಎಂಬ ಎಳೆಯ ಅಣ್ಣತಂಗಿಯರನ್ನು. ಜೈನ ಕಥಾಪರಂಪರೆಯಲ್ಲಿ ಇವರಿಬ್ಬರೂ ಕ್ಷುಲ್ಲಕ ವ್ರತ ಹಿಡಿದ ಮಕ್ಕಳು, ಭಿಕ್ಷೆಗೆಂದು ಹೊರಟವರು. ಕತ್ತಿಯ ಮುಂದೆ ನಿಂತ ಈ ಇಬ್ಬರು ಸಣ್ಣವರು ಹೆದರುವುದಿಲ್ಲ. ತಮ್ಮ ಹಿಂದಿನ ಜನ್ಮಗಳ ಕಥೆ ಹೇಳುತ್ತಾರೆ. ಆ ಕಥೆಯ ತಿರುಳಾದರೂ ಏನು? ಒಂದು ಹಿಟ್ಟಿನ ಕೋಳಿ. ಉಜ್ಜಯಿನಿಯ ಯಶೋಧರ ರಾಜ ನಿಜವಾದ ಪ್ರಾಣಿಯನ್ನು ಕೊಲ್ಲಲು ಒಪ್ಪದೆ, ತಾಯಿಯ ಮಾತನ್ನು ಮೀರಲೂ ಆಗದೆ, ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟ. ಹಿಟ್ಟು ತಾನೆ, ಅದರಲ್ಲೇನಿದೆ, ಅಂದುಕೊಂಡ. ಆದರೆ ಕೈಯಲ್ಲಿ ಹಿಟ್ಟಿದ್ದರೂ ಮನಸ್ಸಿನಲ್ಲಿ ಕೊಲೆ ಇತ್ತು. ಆ ಒಂದು 'ಕ್ಷುಲ್ಲಕ' ಕೃತ್ಯಕ್ಕಾಗಿ ತಾಯಿ ಮಗ ಇಬ್ಬರೂ ನವಿಲಾಗಿ ನಾಯಿಯಾಗಿ, ಮತ್ತೆ ಮತ್ತೆ ಪ್ರಾಣಿಗಳಾಗಿ ಹುಟ್ಟಿ ಸತ್ತರು. ಕಥೆ ಕೇಳಿದ ಮಾರಿದತ್ತ ಬಲಿ ನಿಲ್ಲಿಸಿದ. ಕ್ಷುಲ್ಲಕವೆಂದು ತಿಳಿದ ಕೆಲಸ ಕ್ಷುಲ್ಲಕವಲ್ಲ ಎಂದು ದೊರೆಗೆ ತಿಳಿಸಿಕೊಟ್ಟವರು ಇಬ್ಬರು ಕ್ಷುಲ್ಲಕರು. ಎರಡೂ ಅರ್ಥಗಳು ಒಂದೇ ಕಥೆಯಲ್ಲಿ ಹೀಗೆ ಎದುರುಬದುರು ನಿಲ್ಲುವುದು ಅಪರೂಪ.

ಕಥೆಯನ್ನು ಬಿಟ್ಟು ನಮಗೆ ಹತ್ತಿರದ ಕಾಲಕ್ಕೆ ಬಂದರೂ ಉದಾಹರಣೆಗಳಿಗೆ ಕೊರತೆಯಿಲ್ಲ. 20ನೆಯ ಶತಮಾನದಲ್ಲಿ ದಿಗಂಬರ ಮುನಿಪರಂಪರೆಗೆ ಮತ್ತೆ ಜೀವ ಕೊಟ್ಟವರೆಂದು ಪ್ರಸಿದ್ಧರಾದ ಆಚಾರ್ಯ ಶಾಂತಿಸಾಗರರು ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಮನೆತನದವರು. ಹುಟ್ಟಿದ್ದು 1872ರಲ್ಲಿ. ಅವರೂ ಮೊದಲು ಕ್ಷುಲ್ಲಕರಾಗಿಯೇ ಇದ್ದು, 1920ರ ಸುಮಾರಿಗೆ ಮುನಿಗಳಾದರು. 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟರು. ಅದೇ ಜಿಲ್ಲೆಯ ಶೇಡಬಾಳದಲ್ಲಿ 1925ರಲ್ಲಿ ಹುಟ್ಟಿದ ಆಚಾರ್ಯ ವಿದ್ಯಾನಂದರು 1946ರಲ್ಲಿ ಕ್ಷುಲ್ಲಕ ದೀಕ್ಷೆ ಪಡೆದರು, 1963ರಲ್ಲಿ ದಿಲ್ಲಿಯಲ್ಲಿ ಮುನಿಗಳಾದರು. ನಡುವೆ 17 ವರ್ಷ ಅವರು 'ಕ್ಷುಲ್ಲಕ'ರೇ. ಆ 17 ವರ್ಷಗಳನ್ನು ಯಾರೂ ಕ್ಷುಲ್ಲಕ ಎನ್ನಲಾರರು.

ಓಣಿಯ ಉಳಿದ ಮಾತುಗಳನ್ನೂ ಸ್ವಲ್ಪ ಮಾತಾಡಿಸಿ ಮುಂದೆ ಹೋಗೋಣ. 'ಕೇವಲ' ಎಂಬ ಮಾತಿನ ಗತಿಯೂ ಹೀಗೆಯೇ. ಜೈನರ ಕೇವಲಜ್ಞಾನ ಎಂದರೆ ಎಲ್ಲಕ್ಕೂ ಮೇಲಿನ, ಬೇರೇನೂ ಬೆರೆಯದ ಪೂರ್ಣಜ್ಞಾನ. 'ಬೇರೇನೂ ಇಲ್ಲದ' ಎಂಬ ಅದೇ ಅರ್ಥ ಪೇಟೆಗೆ ಬಂದಾಗ 'ಕೇವಲ ಹತ್ತು ರೂಪಾಯಿ' ಆಯಿತು. ಕೊನೆಗೆ 'ನನ್ನನ್ನು ಕೇವಲವಾಗಿ ಕಾಣಬೇಡ' ಎಂಬ ನೋವಿನ ಮಾತಾಯಿತು. 'ಯಃಕಶ್ಚಿತ್' ಎಂದರೆ ಸಂಸ್ಕೃತದಲ್ಲಿ 'ಯಾರಾದರೊಬ್ಬ' ಎಂದಷ್ಟೆ. ಹೆಸರು ಹೇಳದ ಯಾರೋ ಒಬ್ಬ ನಮ್ಮಲ್ಲೂ ಮರಾಠಿಯಲ್ಲೂ 'ಲೆಕ್ಕಕ್ಕಿಲ್ಲದವ' ಆಗಿಬಿಟ್ಟ. ಇನ್ನು 'ಚಿಲ್ಲರೆ'. ಇದನ್ನು ಇಲ್ಲಿ ಬೆಳೆದ ನಮ್ಮಲ್ಲಿ ಅನೇಕರು ಮರಾಠಿಯ 'ಚಿಲ್ಲರ್' ಎಂದೇ ತಿಳಿದಿದ್ದೇವೆ. ಅಲ್ಲ. ಇದು ದ್ರಾವಿಡ ಶಬ್ದ. ತಮಿಳಿನಲ್ಲಿ 'ಸಿಲ್' ಎಂದರೆ ಸಣ್ಣ, 'ಸಿಲ' ಎಂದರೆ ಕೆಲವು, ಮಲೆಯಾಳದಲ್ಲಿ 'ಚಿಲ'. ಕನ್ನಡದ 'ಕ' ಅಲ್ಲಿ ಎಷ್ಟೋ ಕಡೆ 'ಚ' ಅಥವಾ 'ಸ' ಆಗುತ್ತದೆ: ನಮ್ಮ ಕಿವಿ ತಮಿಳಿನಲ್ಲಿ ಸೆವಿ, ನಮ್ಮ ಕೆರೆ ತೆಲುಗಿನಲ್ಲಿ ಚೆರುವು, ನಮ್ಮ ಕಿರಿಯ ತಮಿಳಿನಲ್ಲಿ ಸಿರಿಯ. ಹಾಗೆಯೇ ಅವರ ಸಿಲ ನಮ್ಮಲ್ಲಿ 'ಕೆಲ', 'ಕೆಲವು'. ಅಂದಮೇಲೆ 'ಚ'ಕಾರ ಹೊತ್ತ ಚಿಲ್ಲರೆ ನಮ್ಮ ಮನೆಯಲ್ಲೇ ಹುಟ್ಟಿದ್ದಲ್ಲ, ನೆರೆಯ ದ್ರಾವಿಡ ಭಾಷೆಯಿಂದ ಬಂದು ಸೇರಿದ್ದು; ಮನೆಯಲ್ಲೇ ಹುಟ್ಟಿದ ಅದರ ಅಣ್ಣ 'ಕೆಲವು'. ಮರಾಠಿಗೆ ಅದು ದಕ್ಷಿಣದಿಂದಲೇ ಹೋದದ್ದು. ಬಸ್ಸಿನ ಕಂಡಕ್ಟರು 'ಚಿಲ್ಲರ್ ದ್ಯಾ' ಎಂದಾಗ ಅವನು ನಮ್ಮ ಕಡೆಯ ಮಾತನ್ನೇ ನಮಗೆ ಹಿಂದಿರುಗಿಸುತ್ತಿದ್ದಾನೆ.

ಇಂಗ್ಲಿಷಿನವರ 'ಟ್ರಿವಿಯಲ್' ಎಂಬ ಮಾತನ್ನೂ ಇಲ್ಲಿ ನೋಡಬೇಕು. ಲ್ಯಾಟಿನ್ನಿನಲ್ಲಿ 'ಟ್ರಿವಿಯಂ' ಎಂದರೆ ಮೂರು ದಾರಿ ಕೂಡುವ ಜಾಗ. ಮಧ್ಯಯುಗದ ಯುರೋಪಿನ ವಿದ್ಯಾಶಾಲೆಗಳಲ್ಲಿ ಏಳು ವಿದ್ಯೆಗಳಿದ್ದವು. ಅವುಗಳಲ್ಲಿ ಮೊದಲು ಕಲಿಯಬೇಕಾದ ಮೂರಕ್ಕೆ ಟ್ರಿವಿಯಂ ಎಂಬ ಹೆಸರು: ವ್ಯಾಕರಣ, ತರ್ಕ, ಮಾತಿನ ಕಲೆ. ಮೂರು ದಾರಿ ಕೂಡುವಲ್ಲಿ ನಿಂತು ಯಾರು ಬೇಕಾದರೂ ಆಡುವ ಹರಟೆ ಎಂಬ ಅರ್ಥವೂ, ಆರಂಭದ ತರಗತಿಯವರ ಪಾಠ ಎಂಬ ಅರ್ಥವೂ ಬೆರೆತು ಟ್ರಿವಿಯಲ್ ಎಂಬುದು 'ಕ್ಷುಲ್ಲಕ' ಆಯಿತು. ವ್ಯಾಕರಣ ಓದುವ ನಾವೆಲ್ಲ ಆ ಲೆಕ್ಕದಲ್ಲಿ ಮೊದಲ ಮೆಟ್ಟಿಲಿನ ಜನ. ಆದರೆ ಮೊದಲ ಮೆಟ್ಟಿಲನ್ನು ಕಿತ್ತುಹಾಕಿ ಎರಡನೆಯದಕ್ಕೆ ಹತ್ತಿದವರನ್ನು ಯಾರೂ ಕಂಡಿಲ್ಲ.

ಹಾಗಾದರೆ ಯಾವುದು ಕ್ಷುಲ್ಲಕ, ಯಾವುದಲ್ಲ ಎಂದು ತೀರ್ಮಾನಿಸುವವರು ಯಾರು? ಈ ಪ್ರಶ್ನೆ ಬಹಳ ಹಿಂದೆ ಒಂದು ಸಭೆಯ ಮುಂದೆ ಬಂದಿತ್ತು. ಬುದ್ಧನು ಕೊನೆಯ ದಿನಗಳಲ್ಲಿ ಆನಂದನಿಗೆ, ಸಂಘವು ಬಯಸಿದರೆ ತನ್ನ ನಂತರ ಸಣ್ಣಪುಟ್ಟ ನಿಯಮಗಳನ್ನು ಕೈಬಿಡಬಹುದು ಎಂದು ಹೇಳಿದನಂತೆ. ಪಾಲಿಯಲ್ಲಿ ಆ ಸಣ್ಣಪುಟ್ಟಕ್ಕೆ ಇರುವ ಮಾತು 'ಖುದ್ದಾನುಖುದ್ದಕ', ನಮ್ಮ ಕ್ಷುದ್ರ ಕ್ಷುಲ್ಲಕಗಳ ಒಡಹುಟ್ಟು. ಬುದ್ಧನ ಪರಿನಿರ್ವಾಣದ ಮೇಲೆ ರಾಜಗೃಹದಲ್ಲಿ ಮಹಾಕಾಶ್ಯಪನ ಮುಂದಾಳುತನದಲ್ಲಿ ಹಿರಿಯ ಭಿಕ್ಷುಗಳು ಸೇರಿದರು. ಆನಂದ ಈ ಮಾತನ್ನು ಹೇಳಿದ. 'ಸರಿ, ಯಾವ ನಿಯಮಗಳು ಸಣ್ಣವು ಎಂದು ನೀನು ಕೇಳಿದೆಯಾ?' ಎಂದರು. 'ಇಲ್ಲ, ಕೇಳಲಿಲ್ಲ.' ಆಮೇಲೆ ಒಬ್ಬೊಬ್ಬರು ಒಂದೊಂದು ಹೇಳಿದರು. ಇಷ್ಟು ಬಿಟ್ಟು ಉಳಿದದ್ದು ಸಣ್ಣದು ಎಂದು ಒಬ್ಬ, ಅಷ್ಟು ಬಿಟ್ಟು ಉಳಿದದ್ದು ಸಣ್ಣದು ಎಂದು ಇನ್ನೊಬ್ಬ. ಒಮ್ಮತ ಬರಲಿಲ್ಲ. ಕೊನೆಗೆ ಮಹಾಕಾಶ್ಯಪನ ಸಲಹೆಯಂತೆ ಒಂದನ್ನೂ ಬಿಡುವುದಿಲ್ಲ, ಹೊಸದನ್ನು ಸೇರಿಸುವುದೂ ಇಲ್ಲ ಎಂದು ನಿರ್ಣಯವಾಯಿತು. ಸರ್ವಸಂಗ ಬಿಟ್ಟವರಿಗೇ ಯಾವುದು ಕ್ಷುಲ್ಲಕ ಎಂದು ಹೇಳಲಾಗಲಿಲ್ಲ. ಎರಡು ಕಾಲಮ್ಮಿನ ಸುದ್ದಿಯಲ್ಲಿ ನಾವು ಎಷ್ಟು ಸುಲಭವಾಗಿ ಹೇಳಿಬಿಡುತ್ತೇವೆ ನೋಡಿ!

ಕಾನೂನು ಈ ವಿಷಯದಲ್ಲಿ ನಮಗಿಂತ ಎಚ್ಚರದಿಂದಿದೆ. 1860ರ ಭಾರತೀಯ ದಂಡಸಂಹಿತೆಯ 95ನೆಯ ಕಲಮು, 2024ರ ಜುಲೈ 1ರಿಂದ ಅದರ ಬದಲಿಗೆ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 33ನೆಯ ಕಲಮು, ಎರಡೂ ಒಂದೇ ವಿಚಾರವನ್ನು ಹೇಳುತ್ತವೆ: ಸಾಮಾನ್ಯ ತಿಳಿವಳಿಕೆಯ, ಸಾಮಾನ್ಯ ಸ್ವಭಾವದ ಯಾರೂ ದೂರು ಹೇಳದಷ್ಟು ಅತ್ಯಲ್ಪವಾದ ಹಾನಿ ಅಪರಾಧವಲ್ಲ. ಗಮನಿಸಿ, ಅಲ್ಲಿ ಅಳೆಯುವುದು ಆದ ಹಾನಿಯನ್ನು. ಅಳೆಯುವ ಕೋಲು ಸಾಮಾನ್ಯ ಮನುಷ್ಯ. ನಮ್ಮ ಸುದ್ದಿಯಲ್ಲಿ ಅಳೆಯುವುದು ಕಾರಣವನ್ನು. ಅಳೆಯುವವನು ಆ ಓಣಿಯಲ್ಲಿ ಇಲ್ಲದವನು.

ನಲ್ಲಿಯ ಸರದಿ ಕ್ಷುಲ್ಲಕವೆ? ಇಪ್ಪತ್ತನಾಲ್ಕು ತಾಸು ನೀರು ಬರುವ ಮನೆಯಲ್ಲಿ ಕೂತವನಿಗೆ ಹೌದು. ನಸುಕಿನಲ್ಲಿ ಎದ್ದು ಕೊಡ ಹಿಡಿದು ನಿಂತು, ನೀರು ನಿಂತರೆ ಆ ದಿನದ ಪಾಳಿಗೆ ತಡವಾಗಿ, ಪಾಳಿಗೆ ತಡವಾದರೆ ಆ ದಿನದ ಕೂಲಿ ಹೋಗುವವಳಿಗೆ ಅಲ್ಲ. ಕಲಬುರ್ಗಿ ವಿಜಯಪುರ ಕಡೆಯಿಂದ ಬಂದು ಠಾಣೆ ಬೇಲಾಪುರ ರಸ್ತೆಯ ಆಚೀಚೆ ದುಡಿದ ನಮ್ಮ ಹಿರಿಯರ ಬದುಕಿನಲ್ಲಿ ದೊಡ್ಡದೆಂದು ಹೇಳಿಕೊಳ್ಳುವ ಕಾರಣಗಳು ಎಷ್ಟಿದ್ದವು? ಒಂದು ಕೊಡ, ಒಂದು ಗೋಡೆ, ಒಂದು ಸಹಿ, ಒಂದು ರೇಷನ್ ಚೀಟಿ. ಇವುಗಳಿಂದಲೇ ಮನೆ ಎದ್ದದ್ದು. ಹೊಡೆದಾಟ ತಪ್ಪೇ ಸರಿ, ಅದನ್ನು ಯಾರೂ ಸಮರ್ಥಿಸಬೇಕಾದ್ದಿಲ್ಲ. ಆದರೆ 'ಕ್ಷುಲ್ಲಕ ಕಾರಣ' ಎಂದು ಬರೆದ ಕೂಡಲೇ ಕಾರಣ ಹುಡುಕುವ ಕೆಲಸ ನಿಂತುಹೋಗುತ್ತದೆ. 'ನೀರಿನ ಸರದಿಗಾಗಿ ಹೊಡೆದಾಟ' ಎಂದು ಬರೆದರೆ ನೀರು ಏಕಿಲ್ಲ ಎಂಬ ಪ್ರಶ್ನೆಯಾದರೂ ಉಳಿಯುತ್ತದೆ. ಒಂದು ವಿಶೇಷಣ ಎಷ್ಟು ಕೆಲಸ ಮಾಡುತ್ತದೆ, ಎಷ್ಟು ಕೆಲಸ ತಪ್ಪಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ನಮ್ಮ ಮಟ್ಟಿಗೆ ಹೇಳುವುದಾದರೆ, ಈ ಶಬ್ದದ ಬಿಸಿ ನಮಗೂ ತಟ್ಟದೆ ಇಲ್ಲ. 'ಬೊಂಬಾಯಿ ಕಡೆ ಇದ್ಕೊಂಡು ಕನ್ನಡ ಓದಿ ಏನ್ ಮಾಡ್ತೀರೋ?' ಎಂದು ಕೇಳುವ ನೆಂಟರು ಯಾರಿಗಿಲ್ಲ? ಅವರು ಕ್ಷುಲ್ಲಕ ಎಂಬ ಮಾತನ್ನು ಬಾಯಲ್ಲಿ ಆಡುವುದಿಲ್ಲ, ಧ್ವನಿಯಲ್ಲಿ ಆಡುತ್ತಾರೆ. ಅವರಿಗೆ ಉತ್ತರವಾಗಿ ದೊಡ್ಡ ಭಾಷಣ ಬೇಡ. ಚುಲತ್ ಭಾವೂ ಮತ್ತು ಚಿಕ್ಕಪ್ಪನ ನಂಟು, ಆಲೆ ಮತ್ತು ಅಲ್ಲದ ನಂಟು, ಚಿಲ್ಲರೆ ಮತ್ತು ಕೆಲವು ಎಂಬುದರ ನಂಟು ಎರಡು ಭಾಷೆಗಳ ನಡುವೆ ನಿಂತವರ ಕಣ್ಣಿಗೆ ಬೀಳುವುದೇ ಹೆಚ್ಚು. ಬೆಂಗಳೂರಿನಲ್ಲಿ ಕೂತು ಕನ್ನಡ ಓದುವ ಗೆಳೆಯನಿಗೆ ಸುಲಭವಾಗಿ ಸಿಗದ ಒಂದು ಕಿಟಕಿ ತುರ್ಭೆಯ ವಿದ್ಯಾರ್ಥಿಗೆ ಹುಟ್ಟಿನಿಂದಲೇ ತೆರೆದಿದೆ. ಅದನ್ನು ಮುಚ್ಚಿಕೊಂಡು ಕೂತರೆ ನಷ್ಟ ನಮ್ಮದೇ.

ಪ್ರಯೋಗದ ವಿಷಯದಲ್ಲಿ ಒಂದು ಸಣ್ಣ ಸೂಚನೆ ಕೊಟ್ಟು ಮುಗಿಸಬಹುದು. ಹೆಸರಾಗಿ ಬಹುವಚನದ ಗೌರವದೊಡನೆ 'ಕ್ಷುಲ್ಲಕರು' ಎಂದು ಬಂದರೆ ಮೊದಲು ಜೈನ ಸಾಧುವಿನ ಅರ್ಥವನ್ನು ನೆನೆಯಿರಿ. ವಿಶೇಷಣವಾಗಿ 'ಕ್ಷುಲ್ಲಕ' ಎಂದು ಬಂದರೆ ತೂಕವಿಲ್ಲದ್ದು ಎಂದು ತಿಳಿಯಿರಿ. ಕೆಟ್ಟದ್ದು ಎಂಬ ಅರ್ಥ ಬೇಕಾದರೆ 'ಕ್ಷುದ್ರ' ಇದೆ. ಬರೀ ಸ್ವಲ್ಪ ಎನ್ನಬೇಕಾದಲ್ಲಿ 'ಅಲ್ಪ' ಸಾಕು. ಮತ್ತು ಯಾವುದೇ ವಿಷಯವನ್ನು ಕ್ಷುಲ್ಲಕ ಎಂದು ಬರೆಯುವ ಮುಂಚೆ, ಯಾರಿಗೆ ಕ್ಷುಲ್ಲಕ ಎಂದು ಒಂದು ಸಲ ಕೇಳಿಕೊಳ್ಳಿ. ಉತ್ತರ 'ನನಗೆ' ಎಂದು ಬಂದರೆ, ಬೇರೆ ಶಬ್ದ ಹುಡುಕುವುದು ಒಳ್ಳೆಯದು.